ಖಾಜಾಸಾಬರ ಹೆಸರನ್ನು ನಾನು ತಿದ್ದಿದ್ದು

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ತಿದ್ದುವ ಚಟ. ಬೇರೆ ಚಟಗಳನ್ನು ಬಿಡಿಸಲು ಡಾಕ್ಟರು, ಸ್ವಾಮಿಗಳು, ಹೆಂಡತಿ ಮುಂತಾದವರು ಇದ್ದಾರೆ. ನನ್ನದಕ್ಕೆ ಸರ್ಕಾರವೇ ತಿಂಗಳು ತಿಂಗಳು ಸಂಬಳ ಕೊಟ್ಟು ಸಾಕುತ್ತಿದೆ. ನಾನು ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಹಾಳೆಯ ಮೇಲೆ ಬಾಗಿ, "ಇಲ್ಲಿ ಕೊಡು" ಎಂದು ಪೆನ್ಸಿಲ್ ಕಸಿದುಕೊಂಡು, ಅವರ ಸೊಟ್ಟ ಗೆರೆಯನ್ನು ನೆಟ್ಟಗೆ ಮಾಡುತ್ತ ಬಂದಿದ್ದೇನೆ. ಕೆಲಸದ ಮೇಲೆ ಹತ್ತಿದ ಚಟ ಕೆಲಸ ಮುಗಿದ ಮೇಲೂ ಬಿಡುವುದಿಲ್ಲ. ನನ್ನ ಮದುವೆಯ ದಿನ ಮಂಟಪದ ಮೇಲೆ ಥರ್ಮಾಕೋಲಿನಲ್ಲಿ ಕತ್ತರಿಸಿ ಅಂಟಿಸಿದ್ದ ಹೆಸರುಗಳಲ್ಲಿ ನನ್ನ ಹೆಂಡತಿಯ ಹೆಸರು ತುಸು ಎಡಕ್ಕೆ ವಾಲಿತ್ತು. ತಲೆಯ ಮೇಲೆ ಅಕ್ಕಿಕಾಳು ಬೀಳುವಾಗ ನಾನು ಮೇಲೆ ನೋಡುತ್ತ, ಒಂದು ಏಣಿ ಸಿಕ್ಕರೆ ಎರಡು ನಿಮಿಷದ ಕೆಲಸ ಎಂದು ಲೆಕ್ಕ ಹಾಕುತ್ತಿದ್ದೆ. ಹುಡುಗ ದೇವರನ್ನು ನೆನೆಯುತ್ತಿದ್ದಾನೆ ಎಂದು ಬೀಗರು ಖುಷಿಪಟ್ಟರಂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಜೋಳದ ರೊಟ್ಟಿಯನ್ನು ಎತ್ತಿ ಹಿಡಿದು, ಒಂದು ಕಡೆ ದುಂಡಗೆ ಬಂದಿಲ್ಲ ಎಂದಿದ್ದೆ. "ಕಂಪಾಸ್ ಪೆಟ್ಟಿಗಿ ತಂದುಕೊಡ್ರಿ, ನಾಳೆಯಿಂದ ಹಚ್ಚಿ ನೋಡಿ ಬಡೀತೀನಿ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಯಾವ ಆಕಾರದಲ್ಲಿ ಬಂದರೂ ನಾನು ಬಾಯಿ ಮುಚ್ಚಿಕೊಂಡು ತಿನ್ನುತ್ತೇನೆ. ಶಾಲೆಯಲ್ಲಿ ಹಾಗೆ ಹೇಳುವವರು ಯಾರೂ ಇರಲಿಲ್ಲ, ಅದೇ ತೊಂದರೆಯಾಯಿತು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹೊರಗಿನವರಿಗೆ ಹೇಳಬಾರದು, ಆದರೂ ಹೇಳುತ್ತೇನೆ. ಮಕ್ಕಳ ಚಿತ್ರ ಪ್ರದರ್ಶನ ಬಂತೆಂದರೆ ಅದರ ಹಿಂದಿನ ಎರಡು ದಿನ ಡ್ರಾಯಿಂಗ್ ಮಾಸ್ತರರು ಬಾಗಿಲು ಹಾಕಿಕೊಂಡು ಫಿನಿಶಿಂಗ್ ಮಾಡುತ್ತಾರೆ. ಮಗು ಬರೆದ ಎಮ್ಮೆಗೆ ಕಾಲು ಕೂಡಿಸುವುದು, ಮೂಗು ಎತ್ತುವುದು, ಸುತ್ತ ಕಪ್ಪು ಗೆರೆ ಎಳೆಯುವುದು, ಇತ್ಯಾದಿ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಕಡೆಯ ಮಾಸ್ತರರು ಇದನ್ನೇ ಮಾಡುತ್ತೇವೆ. ತೀರ್ಪುಗಾರರೂ ನಮ್ಮ ಪೈಕಿಯವರೇ ಆದ್ದರಿಂದ, ಚಿತ್ರ ನೋಡಿದ ಕೂಡಲೇ ಇದು ಯಾವ ಮಾಸ್ತರನ ಕೈ ಎಂದು ಗುರುತಿಸಿ ನಗುತ್ತಾರೆ. ನಿಜ ಹೇಳಬೇಕೆಂದರೆ ಸ್ಪರ್ಧೆ ನಡೆಯುವುದು ನಮ್ಮ ನಮ್ಮಲ್ಲೇ. ಮಕ್ಕಳು ಚಿತ್ರ ಹೊತ್ತುಕೊಂಡು ಬಂದು, ಚಿತ್ರಾನ್ನ ತಿಂದು, ಚಪ್ಪಾಳೆ ಹೊಡೆದು ಹೋಗುತ್ತಾರೆ.

ಪ್ರತಿ ವರ್ಷ ವಿಷಯ ಸುಲಭವಾಗಿರುತ್ತಿತ್ತು. ಪರಿಸರ ಎಂದರೆ ಒಂದು ಮರ, ರಸ್ತೆ ಸುರಕ್ಷತೆ ಎಂದರೆ ಹೆಲ್ಮೆಟ್ ಹಾಕಿದ ಮನುಷ್ಯ, ದೇಶಪ್ರೇಮ ಎಂದರೆ ಬಾವುಟ. ಹಿಂದಿನ ವರ್ಷದ ಮರವನ್ನೇ ಈ ವರ್ಷವೂ ನೆಡಬಹುದಿತ್ತು. ಈ ಸಲ ಮಾತ್ರ ಯಾರೋ ಓದಿಕೊಂಡವರು ಮೇಲೆ ಕೂತಿದ್ದಾರೆಂದು ಕಾಣುತ್ತದೆ, ಸುತ್ತೋಲೆಯಲ್ಲಿ ವಿಷಯ ಹೀಗಿತ್ತು: ನಾನು, ನನ್ನ ಮನಸ್ಸು, ನನ್ನ ಸುತ್ತಲಿನವರು. ಕೆಳಗೆ ಇನ್ನೆರಡು ಸಾಲು. ಮಗು ತಾನು ಏನು ಹೇಳಬಯಸಿದೆ ಎಂಬುದನ್ನು ಚಿತ್ರದ ಹಿಂಬದಿಯಲ್ಲಿ ಸ್ವಂತ ಮಾತಿನಲ್ಲಿ ಬರೆಯಬೇಕು. ಶಿಕ್ಷಕರು ಕೈ ಹಚ್ಚಬಾರದು. ಈ ಕೊನೆಯ ಸಾಲನ್ನು ನಾನು ತರಗತಿಯಲ್ಲಿ ಓದಲಿಲ್ಲ. ಉಳಿದದ್ದನ್ನು ಓದಿ ಮುಗಿಸುತ್ತಲೇ ಮುಂದಿನ ಬೆಂಚಿನಿಂದ ಒಬ್ಬ ಎದ್ದು, "ಸರ, ನಾನು ಅಂದ್ರ ಏನು ಬರೀಬೇಕ್ರಿ?" ಎಂದು ಕೇಳಿದ. ಋಷಿಮುನಿಗಳು ಕಾಡಿಗೆ ಹೋಗಿ ಕೇಳಿಕೊಂಡ ಪ್ರಶ್ನೆ ಅದು. ನಾನು, "ಆಧಾರ್ ಕಾರ್ಡಿನ ಫೋಟೊ ನೋಡಿ ಬರಿ" ಎಂದೆ.

ಮಕ್ಕಳು ನನ್ನ ಮಾತು ಕೇಳದೆ ತಮಗೆ ತಿಳಿದಂತೆ ಬರೆದರು. ಬಂಗಾಳಿ ನಿರಾಶ್ರಿತರು ಬಂದು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಿಕಾಸ್ ಎಂಬ ಹುಡುಗ ಗದ್ದೆಯ ಬದುವಿನ ಮೇಲೆ ನಿಂತ ತನ್ನನ್ನು ಬರೆದು, ಎರಡು ನೆರಳು ಹಾಕಿದ್ದ. ಒಂದು ಈ ಕಡೆ, ಒಂದು ಆ ಕಡೆ. "ಸೂರ್ಯ ಒಬ್ಬನೇ ಇದ್ದಾನಲ್ಲೋ, ನೆರಳು ಎರಡು ಹೆಂಗ?" ಎಂದೆ. "ನಿಮ್ಮೂರು ಯಾವುದು ಅಂತ ಕೇಳಿದ್ರ ನಮ್ಮ ಅಜ್ಜ ಒಂದು ಊರು ಹೇಳ್ತಾನ್ರಿ, ನಾ ಒಂದು ಊರು ಹೇಳ್ತೀನಿ. ಅದಕ್ಕರಿ" ಎಂದ. ವಿಜ್ಞಾನದ ಮಾಸ್ತರ ನೋಡಿದರೆ ನಗುತ್ತಾನೆ ಎಂದು ಹೇಳಿ ಒಂದು ನೆರಳನ್ನು ರಬ್ಬರಿನಿಂದ ಒರೆಸಿಬಿಟ್ಟೆ. ಇನ್ನೊಬ್ಬ ಹುಡುಗಿ ಹಾಳೆಯ ತುಂಬ ಕೆಂಪು ಬಳಿದು ನಡುವೆ ಒಂದು ಚಿಕ್ಕ ಬಾಗಿಲು ಬರೆದಿದ್ದಳು. ಬಾಗಿಲಿಗೆ ಹಿಡಿಕೆ ಇರಲಿಲ್ಲ. ಪಾಪ, ಮರೆತಿದ್ದಾಳೆ ಎಂದು ನಾನೇ ಹಿತ್ತಾಳೆ ಬಣ್ಣದ ಒಂದು ಚೆಂದದ ಹಿಡಿಕೆ ಕೂಡಿಸಿದೆ. ಆಕೆ ಅದನ್ನು ಬಹಳ ಹೊತ್ತು ನೋಡಿ, "ಥ್ಯಾಂಕ್ಸ್ ರೀ ಸರ" ಎಂದಳು. ಆ ಥ್ಯಾಂಕ್ಸಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ನನ್ನ ತಿದ್ದುವ ಕಣ್ಣಿಗೆ ಇಂಥವೆಲ್ಲ ಕಾಣುವುದೂ ಇಲ್ಲ.

ಇನ್ನು ಶಾಹೀನಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಾಡಿದ್ದೇ ಅದಕ್ಕೆ ಬರುವ ಧೈರ್ಯ ಸಾಲದೆ. ಒಂಬತ್ತನೆಯ ತರಗತಿಯ ಹುಡುಗಿ, ಮಸ್ಕಿಯವಳು. ನನ್ನ ಮನೆ ಲಿಂಗಸುಗೂರಿನಲ್ಲಿ. ದಿನಾ ಬೆಳಿಗ್ಗೆ ನಾನು ಹತ್ತಿದ ಬಸ್ಸಿಗೇ ಅವಳು ಮಸ್ಕಿಯಲ್ಲಿ ಹತ್ತುತ್ತಾಳೆ. ಆ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ, ಡ್ರೈವರ್ ಚಹಾ ಕುಡಿಯುವುದು ನಿಧಾನವಾದರೆ ಹದಿನೈದು. ಆ ಹೊತ್ತಿನಲ್ಲಿ ನಾನು ಕಿಟಕಿಯಿಂದ ಅಂಗಡಿಗಳ ಬೋರ್ಡು ನೋಡುತ್ತ ಕೂರುತ್ತೇನೆ. ಈಗೆಲ್ಲ ಫ್ಲೆಕ್ಸ್. ಅವುಗಳ ನಡುವೆ ಅಲ್ಲಲ್ಲಿ ಉಳಿದ ಹಳೆಯ ತಗಡಿನ ಬೋರ್ಡುಗಳು, ಕಿರಾಣಿ ಅಂಗಡಿಯದು, ದರ್ಜಿಯದು, ಗೊಬ್ಬರದ ಅಂಗಡಿಯದು, ಎಲ್ಲ ಒಬ್ಬರದೇ ಕೈ. ಅಕ್ಷರಗಳು ಎಂಥವೆಂದರೆ, ಇಪ್ಪತ್ತೆರಡು ವರ್ಷದಲ್ಲಿ ನನಗೆ ತಿದ್ದಬೇಕು ಅನ್ನಿಸದೆ ಇದ್ದದ್ದು ಅವೊಂದೇ. ಬರೆದವರು ಪೇಂಟರ್ ಖಾಜಾಸಾಬರು, ಶಾಹೀನಳ ತಂದೆ. ಫ್ಲೆಕ್ಸ್ ಬಂದು ಅವರ ಕೆಲಸ ಅರ್ಧ ಹೋಯಿತು. ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಹೋಯಿತು, ಉಳಿದ ಅರ್ಧವೂ ಹೋಯಿತು. ಶಾಹೀನಳ ತಾಯಿ ಹೊಲಿಗೆ ಯಂತ್ರ ಇಟ್ಟುಕೊಂಡು ಮನೆ ನಡೆಸುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಮ್ಮೆ ಅವಳ ನೋಟ್‌ಬುಕ್ ನೋಡಿ, "ನಿಮ್ಮಪ್ಪನ ಅಕ್ಷರ ನೋಡಿ ಕಲಿಯವಾ" ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿದ್ದೆ.

ಅವಳು ತಂದದ್ದು ಹಾಳೆಯಲ್ಲ, ತಗಡು. ಮೂರಡಿ ಉದ್ದದ ಹಳೆಯ ಅಂಗಡಿ ಬೋರ್ಡನ್ನು ತಿಕ್ಕಿ, ಹಳದಿ ಬಣ್ಣ ಬಳಿದು ತಂದಿದ್ದಳು. ಬಸ್ಸಿನಲ್ಲಿ ಕಂಡಕ್ಟರು ಅದಕ್ಕೆ ಲಗೇಜು ಟಿಕೆಟ್ ಕೇಳಿದ್ದ. ಎಡಗಡೆ ಏಣಿಯ ಮೇಲೆ ಕೂತ ಒಬ್ಬ ಮನುಷ್ಯನ ಬೆನ್ನು. ಅಂಗಿಯ ಬಲತೋಳು ಒಣಹಾಕಿದ ಬಟ್ಟೆಯಂತೆ ಜೋತುಬಿದ್ದಿತ್ತು. ಆ ಬೆನ್ನನ್ನು ನೋಡಿ ನಾನು ಒಂದು ಕ್ಷಣ ನಿಂತೆ, ಅದು ಅಷ್ಟು ಚೆನ್ನಾಗಿತ್ತು. ಬಲಗಡೆ ದೊಡ್ಡದಾಗಿ ನೀಲಿ ಅಕ್ಷರದಲ್ಲಿ "ಪೇಂಟರ್ ಖಾಜಾಸಾಬ, ಮಸ್ಕಿ" ಎಂದಿತ್ತು. ಅಕ್ಷರಗಳ ಅವಸ್ಥೆ ಹೇಳತೀರದು. ಒಂದು ಮೇಲೆ ಏರಿತ್ತು, ಒಂದು ಕೆಳಗೆ ಇಳಿದಿತ್ತು, ಗೆರೆಯ ನಡುವೆ ಒಂದೆರಡು ಕಡೆ ಬಣ್ಣ ಗಡ್ಡೆಕಟ್ಟಿತ್ತು. ಬೆನ್ನು ಇಷ್ಟು ಚೆಂದ ಬರೆದ ಹುಡುಗಿ ಅಕ್ಷರದಲ್ಲಿ ಅವಸರ ಮಾಡಿದ್ದಾಳೆ ಎಂದುಕೊಂಡೆ. "ಸರ, ಹಿಂದ ಬರದೀನ್ರಿ, ಓದ್ರಿ" ಎಂದಳು. ನನ್ನ ಕೈಯಲ್ಲಿ ಆಗ ನಲವತ್ತು ಮಕ್ಕಳ ಹಾಳೆ ಇದ್ದವು. "ಓದ್ತೀನವಾ, ಅಲ್ಲಿಡು" ಎಂದೆ. ಅವಳು ಗೋಡೆಗೆ ಆನಿಸಿ ಇಟ್ಟು, ತಿರುಗಿ ಒಮ್ಮೆ ನೋಡಿ, ಬಸ್ಸಿಗೆ ಹೋದಳು. ನಾನು ಓದಲಿಲ್ಲ.

ಗುರುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಫಿನಿಶಿಂಗಿಗೆ ಕೂತೆ. ಒಳ್ಳೆಯ ಮನಸ್ಸಿನಿಂದಲೇ ಕೂತೆ ಎಂದು ಹೇಳಿಕೊಳ್ಳಬೇಕು, ಬೇರೆ ಏನು ಹೇಳಿಕೊಳ್ಳಲಿ. ಖಾಜಾಸಾಬರಂಥ ಖಾಜಾಸಾಬರ ಹೆಸರನ್ನು ಹೀಗೆ ಬರೆಯುವುದು ಅವರಿಗೇ ಅವಮಾನ ಎಂದು ನನ್ನ ಭಾವನೆ. ಬಜಾರಿಗೆ ಹೋಗಿ ಹಳದಿ ಎನಾಮಲ್ ತಂದು ಅಕ್ಷರಗಳನ್ನು ಪೂರ್ತಿ ಮುಚ್ಚಿದೆ. ಶುಕ್ರವಾರ ಸೀಮೆಸುಣ್ಣ ಹಚ್ಚಿದ ದಾರ ಹಿಡಿದು ಮೇಲೊಂದು ಕೆಳಗೊಂದು ಗೆರೆ ಹಾಕಿ, ಬಸ್ಸಿನ ಕಿಟಕಿಯಿಂದ ವರ್ಷಗಟ್ಟಲೆ ನೋಡಿ ಬಾಯಿಪಾಠವಾಗಿದ್ದ ಖಾಜಾಸಾಬರದೇ ಶೈಲಿಯಲ್ಲಿ, ನೀಲಿಯಲ್ಲಿ ಹೊಸದಾಗಿ ಬರೆದೆ. ಜೀವನದಲ್ಲಿ ನಾನು ಬರೆದ ಅತ್ಯಂತ ಸುಂದರ ಅಕ್ಷರ ಅವು. ಮೊಬೈಲಿನಲ್ಲಿ ಫೋಟೊ ತೆಗೆದು ಹೆಂಡತಿಗೆ ಕಳಿಸಿದೆ. "ಬರುವಾಗ ಹಾಲಿನ ಪಾಕೀಟು ತರ್ರಿ" ಎಂದು ಉತ್ತರ ಬಂತು.

ಶನಿವಾರ ಬೆಳಿಗ್ಗೆ, ಜನ ಬರುವ ಮೊದಲು, ಗೋಡೆಗೆ ತೂಗುಹಾಕಲು ತಂತಿ ಕಟ್ಟಬೇಕೆಂದು ಬೋರ್ಡನ್ನು ಬೋರಲು ಹಾಕಿದೆ. ಹಿಂದೆ ತಗಡಿನ ಮೇಲೆ ಒಂದು ಹಾಳೆ ಅಂಟಿಸಿದ್ದಳು. ನೆಲದ ಮೇಲೆ ಕೂತು ಓದಿದೆ. "ಚಿತ್ರ ನಾನು ಬರೆದಿದ್ದೇನೆ. ಅಕ್ಷರ ನಮ್ಮ ಅಬ್ಬಾ ಬರೆದಿದ್ದಾರೆ. ಅವರ ಬಲಗೈ ಬರುವುದಿಲ್ಲ, ಎಡಗೈಯಿಂದ ಬರೆದಿದ್ದಾರೆ. ದಿನಕ್ಕೆ ಒಂದು ಅಕ್ಷರ, ಕೆಲವು ದಿನ ಅರ್ಧ. ಊರಿನ ಎಲ್ಲರ ಹೆಸರು ಬರೆದಿದ್ದಾರೆ, ತಮ್ಮ ಹೆಸರು ದೊಡ್ಡದಾಗಿ ಬರೆದದ್ದು ಇದೇ ಮೊದಲು. ನಾನು ಅಂದರೆ ಇವರ ಮಗಳು." ಇಷ್ಟೇ ಇತ್ತು. ಕೆಳಗೆ ಅವಳ ಹೆಸರು, ತರಗತಿ, ವಿಭಾಗ.

ಆಗ ನನಗೆ ಏನಾಯಿತೆಂದು ಹೇಳಲು ನನ್ನಲ್ಲಿ ಅಲಂಕಾರದ ಮಾತಿಲ್ಲ. ನಾಚಿಕೆಯಾಯಿತು, ಅಳು ಬಂತು. ಅತ್ತೂ ಬಿಟ್ಟೆ. ಗಡ್ಡೆಕಟ್ಟಿದ್ದ ಬಣ್ಣ ಅವಸರದ್ದಲ್ಲ, ಕೈ ದಣಿದು ನಿಂತ ಜಾಗ ಎಂದು ಈಗ ಗೊತ್ತಾಯಿತು. ಅತ್ತು ಮುಗಿದ ಮೇಲೆ ಏನು ಮಾಡಿದೆ ಗೊತ್ತೇ? ತಪ್ಪನ್ನು ತಿದ್ದಲು ಹೋದೆ. ಟರ್ಪೆಂಟೈನ್ ಹಚ್ಚಿದ ಬಟ್ಟೆಯಿಂದ ಮೂಲೆಯಲ್ಲಿ ಒರೆಸಿ ನೋಡಿದೆ. ನೀಲಿ ಹಳದಿ ಸೇರಿ ಹಸಿರು ಕೆಸರಾಯಿತೇ ಹೊರತು ಕೆಳಗಿನದು ಮೇಲೆ ಬರಲಿಲ್ಲ. ಆಮೇಲೆ, ಇದನ್ನು ಹೆಂಡತಿಗೂ ಹೇಳಿಲ್ಲ, ಹಳೆಯ ಪೇಪರಿನ ಮೇಲೆ ಎಡಗೈಯಿಂದ ಖಾಜಾಸಾಬ ಎಂದು ಸೊಟ್ಟಗೆ ಬರೆದು ನೋಡಿದೆ. ಸೊಟ್ಟಗೇನೋ ಬಂತು. ಆದರೆ ನನ್ನದು ಕೆಲಸಗಳ್ಳನ ಸೊಟ್ಟ. ಅವರದರಲ್ಲಿ ಪ್ರತಿ ಗೆರೆಯೂ ನೆಟ್ಟಗಾಗಲು ಹೆಣಗಾಡಿತ್ತು, ಅದು ನನ್ನ ಕೈಗೆ ಬರುವಂಥದ್ದಲ್ಲ. ಪೇಪರು ಮುದುಡಿ ಜೇಬಿಗೆ ಹಾಕಿಕೊಂಡು, ಹಸಿರಾದ ಮೂಲೆಯನ್ನು ಮುಚ್ಚಿ, ಬೋರ್ಡನ್ನು ಗೋಡೆಗೆ ಹಾಕಿದೆ.

ಅವತ್ತು ಖಾಜಾಸಾಬರು ಬರದಿರಲಿ ಎಂದು ನನಗೆ ತಿಳಿದ ದೇವರಿಗೆಲ್ಲ ಬೇಡಿಕೊಂಡೆ. ಅವರು ಹನ್ನೊಂದು ಗಂಟೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಡಗೈಯಲ್ಲಿ ಕೋಲು, ಬಲಗಡೆ ಶಾಹೀನ. ಮಗಳು ಮುಂದೆ ಮುಂದೆ ಬಂದು, ಬೋರ್ಡು ನೋಡಿ, ನಿಂತುಬಿಟ್ಟಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ನನ್ನ ಕಡೆ ತಿರುಗಿ ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಖಾಜಾಸಾಬರು, "ಕುಚ್ ನಕ್ಕೋ ಬೋಲ್ ಬೇಟಾ" ಎಂದರು. ಏನೂ ಅನ್ನಬೇಡ ಮಗಾ ಎಂದು ಅವರ ಮಾತಿನಲ್ಲಿ ಮೆಲ್ಲಗೆ ಹೇಳಿದ್ದು. ಅವಳು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟಳು.

ಅವರು ಬೋರ್ಡಿನ ಹತ್ತಿರ ಹೋಗಿ, ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದೊಂದೇ ಅಕ್ಷರದ ಮುಂದೆ ನಿಂತು ನೋಡಿದರು. ತಮ್ಮ ಹೆಸರನ್ನು ಬೇರೆಯವರ ಕೈಯಲ್ಲಿ ಓದುವುದು ಹೇಗಿರುತ್ತದೋ ನನಗೆ ಗೊತ್ತಿಲ್ಲ. ನಾನು ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತೆ. ಕೊನೆಗೆ ಅವರೇ ನನ್ನ ಕಡೆ ತಿರುಗಿ, ನನ್ನ ಬೆರಳು ನೋಡಿ ಹೇಳಿದರು.

"ಮಾಸ್ತರ, ಎನಾಮಲ್ ಹಿಡಿಯೂಕಿಂತ ಮೊದಲು ಉಗುರಿಗೆ ಕೊಬ್ರಿ ಎಣ್ಣಿ ಹಚ್ಕೋಬೇಕ್ರಿ. ಎಣ್ಣಿ ಹಚ್ಚದ ಹಿಡಿದ್ರ ನೀಲಿ ಒಳಗ ಕುಂತುಬಿಡ್ತದ, ವಾರಗಟ್ಲೆ ಹೋಗಂಗಿಲ್ಲ."

ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. "ಖಾಜಾಸಾಬರ, ನನಗ ಗೊತ್ತಿರಲಿಲ್ರಿ" ಎಂದೆ. "ಕೈ ಛಲೋ ಐತ್ರಿ ನಿಮ್ದು" ಎಂದು ಹೇಳಿ ಅವರು ಬಾಗಿಲ ಕಡೆ ನಡೆದರು. ವ್ಯಂಗ್ಯವಲ್ಲ, ಕಸುಬಿನವನು ಕಸುಬಿನವನಿಗೆ ಹೇಳುವ ಹಾಗೆ ನಿಜವಾಗಿಯೂ ಹೇಳಿದರು. ಬೈದಿದ್ದರೆ ನಾನು ಅವತ್ತು ಊಟ ಮಾಡುತ್ತಿದ್ದೆ.

ಸಂಜೆ ಮೊದಲನೆಯ ಬಹುಮಾನ ಆ ಬೋರ್ಡಿಗೇ ಬಂತು. ಚಿತ್ರ ಚೆನ್ನಾಗಿದೆ, ಅದರಲ್ಲೂ ಅಕ್ಷರ ಬಹಳ ಅಂದವಾಗಿವೆ ಎಂದು ತೀರ್ಪುಗಾರರು ಮೈಕಿನಲ್ಲಿ ಹೇಳಿ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಶಾಹೀನ ವೇದಿಕೆಗೆ ಹೋಗಿ ತೆಗೆದುಕೊಂಡಳು. ಸೋಮವಾರ ಸ್ಟಾಫ್ ರೂಮಿಗೆ ಬಂದು ಪ್ರಮಾಣಪತ್ರವನ್ನು ನನ್ನ ಮೇಜಿನ ಮೇಲೆ ಇಟ್ಟು, "ಇದು ನಿಮ್ದರಿ ಸರ" ಎಂದಳು. ಅದಾದ ಮೇಲೆ ಅವಳು ನನ್ನೊಡನೆ ಮಾತಾಡಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು. ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಹತ್ತತೊಡಗಿದಳು. ತರಗತಿಯಲ್ಲಿ ನಾನು ಅವಳ ಬೆಂಚಿನ ಹತ್ತಿರ ಹೋದರೆ ಹಾಳೆಯ ಮೇಲೆ ಎರಡೂ ಅಂಗೈ ಊರಿ ಕೂರುತ್ತಿದ್ದಳು.

ಮುಂದಿನ ಭಾನುವಾರ ಒಂದು ಹೊಸ ತಗಡು, ಹಳದಿ ನೀಲಿ ಎರಡು ಡಬ್ಬಿ, ಹೊಸ ಬ್ರಷ್ ತೆಗೆದುಕೊಂಡು ಮಸ್ಕಿಯಲ್ಲಿ ಇಳಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪೇಂಟರ್ ಖಾಜಾಸಾಬರ ಮನೆ ಎಂದರೆ ಎಲ್ಲರಿಗೂ ಗೊತ್ತು. ಒಳಗೆ ಹೊಲಿಗೆ ಯಂತ್ರದ ಪಕ್ಕದಲ್ಲಿ ಆ ಬೋರ್ಡನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಶಾಹೀನ ಬರೆದ ಹಾಳೆ ನಮ್ಮ ಕಡೆಗಿತ್ತು. ಅವಳು ನನ್ನನ್ನು ನೋಡಿ ಅಡುಗೆಮನೆಯ ಬಾಗಿಲಿಗೆ ಸರಿದು ನಿಂತಳು. ಅವಳ ತಾಯಿ ಯಂತ್ರ ನಿಲ್ಲಿಸಿ ಚಹಾ ಮಾಡಲು ಎದ್ದರು. ದಾರಿಯುದ್ದಕ್ಕೂ ಕಂಠಪಾಠ ಮಾಡಿಕೊಂಡು ಬಂದ ಭಾಷಣವೆಲ್ಲ ಮರೆತುಹೋಗಿ, "ಇನ್ನೊಮ್ಮೆ ಬರೀರಿ, ಖಾಜಾಸಾಬರ. ಎಷ್ಟು ದಿನ ಆದರೂ ಆಗಲಿ" ಎಂದಷ್ಟೇ ಹೇಳಿ ತಗಡನ್ನು ಅವರ ಮುಂದೆ ಇಟ್ಟೆ.

ಅವರು ತಗಡಿನ ಮೇಲೆ ಎಡಗೈ ಆಡಿಸಿ ನೋಡಿದರು. "ತಗಡು ಛಲೋ ತಂದೀರಿ" ಎಂದರು. ಆಮೇಲೆ ಅದನ್ನು ನನ್ನ ಕಡೆಗೆ ಸರಿಸಿ, "ಇನ್ನ ಆಗಂಗಿಲ್ರಿ ಮಾಸ್ತರ. ಅದು ಬರದಾಗ ಈ ಹುಡುಗಿ ದಿನಾ ಪಕ್ಕದಾಗ ಕುಂತು, ಬರಿ ಅಬ್ಬಾ, ಇನ್ನೊಂದು ಬರಿ ಅಬ್ಬಾ ಅಂತಿದ್ಳು. ನಾನೂ ಕೈ ತಿರುಗಿ ಬರ್ತದ ಅಂದ್ಕೊಂಡಿದ್ದೆ. ಬರದು ಮುಗಿಸಿದ ಮ್ಯಾಲ ಗೊತ್ತಾತು, ಬರಂಗಿಲ್ಲ ಅಂತ. ಒಮ್ಮೆ ಗೊತ್ತಾದ ಮ್ಯಾಲ ಮತ್ತ ಹೆಂಗ ಬರೀಲಿ" ಎಂದರು. ಸರಿ ಮಾಡಲು ಆಗದ ಒಂದು ತಪ್ಪು ಮಾಡಿದ್ದೇನೆ ಎಂಬುದು ಆಗಲೇ ನನಗೆ ಪೂರ್ತಿ ತಿಳಿದದ್ದು. ಅವತ್ತಿನವರೆಗೂ ನನ್ನ ಚೀಲದಲ್ಲಿ ಎಲ್ಲದಕ್ಕೂ ಒಂದು ರಬ್ಬರು ಇದೆ ಎಂದೇ ನಾನು ತಿಳಿದಿದ್ದೆ.

ಚಹಾ ಕುಡಿದಾದ ಮೇಲೆ ಅವರು ಶಾಹೀನಳನ್ನು ಕರೆದು ಬೋರ್ಡನ್ನು ಈ ಕಡೆ ತಿರುಗಿಸಲು ಹೇಳಿದರು. ಅವಳು ಮನಸ್ಸಿಲ್ಲದೆ ತಿರುಗಿಸಿದಳು. ನನ್ನ ಅಕ್ಷರಗಳು ಆ ಚಿಕ್ಕ ಕೋಣೆಯಲ್ಲಿ ಫಳಫಳ ಹೊಳೆದವು. ನನಗೆ ಅವುಗಳ ಮುಖ ನೋಡುವುದು ಬೇಡವಾಗಿತ್ತು.

"ಇದರಾಗ ಒಂದು ಕಮ್ಮಿ ಐತ್ರಿ ಮಾಸ್ತರ" ಎಂದರು ಖಾಜಾಸಾಬರು. "ಬೋರ್ಡು ಬರದವ ಕೆಳಗ ಮೂಲ್ಯಾಗ ಸಣ್ಣದಾಗಿ ತನ್ನ ಹೆಸರು ಹಾಕಬೇಕ್ರಿ. ನಮ್ಮ ದಂಧೆದಾಗ ಅದು ರಿವಾಜು. ಇಲ್ಲಂದ್ರ ನಾಳೆ ಯಾರರ ಕೇಳಿದ್ರ, ನಾನ ಬರದೀನಿ ಅಂತ ಸುಳ್ಳು ಹೇಳಿದಂಗ ಆಗ್ತದ. ಬ್ರಷ್ ತಂದೀರಲ್ಲ, ಹಾಕ್ರಿ."

ಬೇಡ ಎಂದೆ. ಅವರು ಶಾಹೀನಳಿಗೆ ಹೇಳಿ ಕೊಬ್ಬರಿ ಎಣ್ಣೆಯ ಬಾಟಲಿ ತರಿಸಿ ನನ್ನ ಮುಂದೆ ಇಟ್ಟರು. ಉಗುರಿಗೆ ಎಣ್ಣೆ ಹಚ್ಚಿಕೊಂಡು, ನೀಲಿಯಲ್ಲಿ ಬ್ರಷ್ ಅದ್ದಿ, ಅವರ ಹೆಸರಿನ ಕೆಳಗೆ ಮೂಲೆಯಲ್ಲಿ ನೆಲಕ್ಕೆ ಬಗ್ಗಿ ಬರೆಯತೊಡಗಿದೆ. ನನ್ನದು ನಾಲ್ಕೇ ಅಕ್ಷರದ ಹೆಸರು. ಎರಡನೆಯದು ಮೇಲೆ ಏರಿತು, ಮೂರನೆಯದು ಕೆಳಗೆ ಜಾರಿತು, ನಾಲ್ಕನೆಯದರಲ್ಲಿ ಬಣ್ಣ ಗಡ್ಡೆಕಟ್ಟಿತು. ನಾನು ಅಭ್ಯಾಸಬಲದಿಂದ ಜೇಬಿನಿಂದ ಬಟ್ಟೆ ತೆಗೆದು ಒರೆಸಲು ಕೈ ಮುಂದೆ ಮಾಡಿದೆ.

"ತಿದ್ದಬ್ಯಾಡ್ರಿ ಸರ" ಎಂದಳು ಶಾಹೀನ.

ಪ್ರಮಾಣಪತ್ರ ಇಟ್ಟುಹೋದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಬಟ್ಟೆಯನ್ನು ಜೇಬಿಗೆ ಹಾಕಿಕೊಂಡೆ. ಆ ಬೋರ್ಡು ಈಗಲೂ ಅವರ ಮನೆಯಲ್ಲಿ ಇದೆ. ಅದರ ಮೇಲೆ ಸೊಟ್ಟಗಿರುವುದು ನನ್ನ ಹೆಸರು ಒಂದೇ.